ತುಟಿಗೆ ಮಾತು ಹೊಂದಿಸುತ್ತಿದ್ದವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಯಾರೂ ಹೇಳಿಲ್ಲ. ನನಗೇ ಧೈರ್ಯವಿಲ್ಲ. ಸೊಲ್ಲಾಪುರದ ನನ್ನ ಅಂಗಡಿಗೆ ಬಂದು ಹೋಗುವವರೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ತೊಂಬತ್ತರ ದಶಕದ ಕೊನೆಯ ಮೂರು ನಾಲ್ಕು ವರ್ಷಗಳ ಮಾತಿದು. ಮದುವೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಸಿಡಿಗೆ ಹಾಕಿಕೊಡುವ ಧಂದೆ ಆಗಷ್ಟೇ ನಮ್ಮೂರಿಗೆ ಬಂದಿತ್ತು. ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಅಜ್ಜನೂ ಗುಮಾಸ್ತ. ನಾನೂ ಎಲ್ಲಾದರೂ ಒಂದು ಮೇಜಿನ ಹಿಂದೆ ಕೂಡುತ್ತೇನೆಂದು ಮನೆಯವರು ನಂಬಿದ್ದರು. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಾಗ ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ, "ಮಂದಿ ಲಗ್ನದಾಗ ಮಂದಿ ಮಾರಿ ನೋಡಕೋತ ಕೂಡೂದೂ ಒಂದ ನೌಕರಿ ಏನಪಾ?" ಎಂದು ಕೇಳಿದರು. ನಾನು ಮೀಸೆ ತಿರುವಿ ಕಂಪ್ಯೂಟರ್ ಒಂದನ್ನು ತಂದು ಅಂಗಡಿಯಲ್ಲಿ ಕೂಡಿಸಿದೆ. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ನಂಬಿಕೆಯಿತ್ತು.

ಗೊತ್ತಿಲ್ಲದ್ದು ಬೇಗನೇ ಎದುರಾಯಿತು. ಕ್ಯಾಸೆಟ್ಟನ್ನು ವಿಸಿಆರ್‌ನಲ್ಲಿ ಓಡಿಸಿ, ಅದರ ತಂತಿಯನ್ನು ಕಂಪ್ಯೂಟರಿಗೆ ಕೊಟ್ಟು ಫೈಲು ಮಾಡಿಕೊಳ್ಳಬೇಕು. ಆ ಫೈಲನ್ನು ಆಮೇಲೆ ಡಿಸ್ಕಿಗೆ ಬರೆದು, ಮುಂದಿನ ಕೆಲಸಕ್ಕೆ ಜಾಗವಾಗಲೆಂದು ಕಂಪ್ಯೂಟರಿನಿಂದ ಅಳಿಸಬೇಕು. ನಮ್ಮ ಕಂಪ್ಯೂಟರಿಗೆ ಅಷ್ಟು ಶಕ್ತಿಯಿರಲಿಲ್ಲ. ಓಡುತ್ತ ಓಡುತ್ತ ಏದುಸಿರು ಬಂದಾಗ ಅದು ನಡುನಡುವೆ ಒಂದೊಂದು ಚಿತ್ರವನ್ನು ಬಿಟ್ಟುಬಿಡುತ್ತಿತ್ತು, ಧ್ವನಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಹೀಗಾಗಿ ಚಿತ್ರ ಮುಂದೆ ಓಡುತ್ತಿತ್ತು, ಧ್ವನಿ ಹಿಂದೆ ಉಳಿಯುತ್ತಿತ್ತು. ಮೊದಲ ಐದು ನಿಮಿಷ ಎಲ್ಲ ಸರಿಯಿರುತ್ತಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಭಟ್ಟರು ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳಿಸುತ್ತಿತ್ತು.

ಇದಕ್ಕೆ ನನ್ನ ಬಳಿ ಒಂದು ಮದ್ದಿತ್ತು. ಎಲ್ಲಿ ಧ್ವನಿ ಹಿಂದೆ ಬೀಳುತ್ತದೋ ಅಲ್ಲಿ ಧ್ವನಿಯನ್ನೇ ಅಳಿಸಿ ಮೇಲೊಂದು ಹಾಡು ಹಾಕಿಬಿಡುವುದು. ಇಲ್ಲವಾದರೆ ಶಹನಾಯಿ. ನೋಡುವವರು ಖುಷಿಯಾಗುತ್ತಿದ್ದರು. ತಮ್ಮ ಮಾತು ಹೋಯಿತಲ್ಲ ಎಂದು ಯಾರೂ ಜಗಳಕ್ಕೆ ಬಂದಿರಲಿಲ್ಲ.

ಬಂದವರು ಇವರೊಬ್ಬರೇ. ಒಂದು ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬರು ಧೋತರ ಉಟ್ಟು, ತಲೆಗೆ ಬಿಳಿ ಟೋಪಿ ಹಾಕಿ, ನಾನು ಮಾಡಿದ ಡಿಸ್ಕೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಯ ಮೆಟ್ಟಿಲೇರಿದರು. ಅಕ್ಕಲಕೋಟೆಯಿಂದ ಬಸ್ಸು ಹಿಡಿದು ಬಂದಿದ್ದರು. ಅವರ ತಮ್ಮನ ಮಗನ ಮದುವೆಯ ಡಿಸ್ಕು ಅದು. ಅವಸರದಲ್ಲಿ ಒಂದೆರಡು ಕಡೆ ಹಾಡು ಹಾಕದೆ ಬಿಟ್ಟಿದ್ದೆ.

"ಮಾಲಕರ, ಇದರಾಗ ಬಾಯಿ ಒಂದ ಕಡೆ, ಮಾತ ಒಂದ ಕಡೆ ಆಗ್ಯಾವ್ರಿ," ಎಂದರು.

ನಾನು ತಲೆಯೆತ್ತದೆ ಏನೋ ಒಂದು ಉತ್ತರ ಕೊಟ್ಟೆ. ಅವರು ಮೇಜು ಸುತ್ತಿ ಬಂದು ನನ್ನ ಮುಖದ ಎದುರಿಗೇ ನಿಂತು, "ತುಟಿ ಮುಂದ ಇರ್ಲಿರಿ. ನನಗ ಕಿವಿ ಇಲ್ಲ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಕಿವಿ ಕೇಳದ ಮನುಷ್ಯ ಧ್ವನಿಯ ತಕರಾರು ಹೊತ್ತು ಅಷ್ಟು ದೂರದಿಂದ ಬಂದಿದ್ದಾನೆ! "ನಿಮಗ ಕೇಳಸೂದ ಇಲ್ಲಂತೀರಿ, ಮಾತ ತಪ್ಪ್ಯಾವಂತ ಹ್ಯಾಂಗ ತಿಳೀತ್ರಿ ಮಾಮಾ?" ಎಂದು ಕೇಳಿದೆ. ಅವರು ಡಿಸ್ಕು ಹಾಕಿಸಿ, ಎಡಗೈಯ ಬೆರಳುಗಳನ್ನು ಸ್ಪೀಕರಿನ ಮೇಲೆ ಇಟ್ಟು, ಟಿವಿಯಲ್ಲಿ ಮಾತಾಡುತ್ತಿದ್ದ ಒಬ್ಬ ಮುದುಕನ ತುಟಿಯನ್ನು ನೋಡುತ್ತ ನಿಂತರು. ಮುದುಕ 'ಬಾಳಪ್ಪಾ' ಎನ್ನಲು ತುಟಿ ಕೂಡಿಸಿದ. ಮಾಮಾ ಬಲಗೈ ಎತ್ತಿ ಒಂದೊಂದೇ ಬೆರಳು ಮಡಚುತ್ತ ಹೋದರು. ಐದೂ ಬೆರಳು ಮಡಚಿ ಮುಗಿದ ಮೇಲೆ ಸ್ಪೀಕರಿನಲ್ಲಿ 'ಬಾಳಪ್ಪಾ' ಬಂತು. ನನ್ನ ನಗು ಅಲ್ಲಿಗೇ ನಿಂತಿತು.

ಅವರು ಗಿರಣಿ ಕಾರ್ಮಿಕರು. ಸೊಲ್ಲಾಪುರದ ಬಟ್ಟೆ ಗಿರಣಿಯೊಂದರ ಮಗ್ಗದ ಖಾತೆಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಖಾತೆಯಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿ ಅಗಲಿಸಿ ಧ್ವನಿಯಿಲ್ಲದೆ ಮಾತಾಡುತ್ತಾರೆ, ನೋಡಿ ತಿಳಿಯುತ್ತಾರೆ. ಕಿವಿ ನಿಧಾನವಾಗಿ ಹೋಗುತ್ತದೆ, ಕಣ್ಣು ಆ ಕೆಲಸ ಕಲಿಯುತ್ತದೆ. "ಪಾಳಿ ಬಿಟ್ಟಾಗ ಗಿರಣಿ ಭೋಂಗಾ ಕೂಗಿದ್ದೂ ನನಗ ಕೇಳತಿರಲಿಲ್ರಿ. ಬಾಜೂದಾಂವ ಎದ್ದರ ನಾನೂ ಏಳತಿದ್ದೆ," ಎಂದು ಆಮೇಲೆ ಒಮ್ಮೆ ಹೇಳಿದ್ದರು.

ಅವರನ್ನು ಕೆಲಸಕ್ಕೆ ಕರೆದದ್ದು ನಾನೇ. ಅವರೇನೂ ಕೇಳಿರಲಿಲ್ಲ. ಮರುದಿನದಿಂದ ಅಕ್ಕಲಕೋಟೆಯ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗತೊಡಗಿದರು. ಗಿರಣಿಯ ಪಾಳಿಯ ಅಭ್ಯಾಸ ಹೋಗಿರಲಿಲ್ಲ. ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಿದ್ದರು.

ಕಂಪ್ಯೂಟರನ್ನು ಅವರು ಮುಟ್ಟಿದ್ದೇ ಇಲ್ಲ. ಅದು ನನ್ನ ಕೆಲಸ. ಧ್ವನಿಯನ್ನು ಚಿತ್ರದಿಂದ ಬೇರೆ ಮಾಡಿ, ಎಲ್ಲಿ ಯಾರೂ ಮಾತಾಡುತ್ತಿಲ್ಲವೋ ಅಲ್ಲಿ ಚೂರು ಕತ್ತರಿಸಿ ತೆಗೆದು, ಉಳಿದದ್ದನ್ನು ಮುಂದೆ ಎಳೆದು ಕೂಡಿಸಬೇಕು. ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು ಎಂಬುದನ್ನು ಅವರು ಹೇಳುತ್ತಿದ್ದರು. ಮೊದಲು ಅಕ್ಷತೆಯ ಜಾಗ ಹುಡುಕಿಸುತ್ತಿದ್ದರು. ನಮ್ಮ ಕಡೆಯ ಮದುವೆಗಳಲ್ಲಿ ಮಂಗಲಾಷ್ಟಕದ ಕೊನೆಯಲ್ಲಿ 'ಸಾವಧಾನ' ಎಂದ ಕೂಡಲೇ ಅಕ್ಕಿಕಾಳು ಬೀಳುತ್ತವೆ, ಇಡೀ ಮಂಟಪ ಚಪ್ಪಾಳೆ ತಟ್ಟುತ್ತದೆ, ವಾಜಂತ್ರಿಯವರು ಬಾರಿಸಲು ಶುರುಮಾಡುತ್ತಾರೆ. "ಕೈಗಿ ಕೈ ಕೂಡಿದ್ದು ಕಾಣತದ, ಬಡದದ್ದು ಕೈಗಿ ತಾಗತದ. ಇಲ್ಲಿ ಗಂಟ ಹಾಕ್ರಿ," ಎನ್ನುತ್ತಿದ್ದರು. ಅಲ್ಲಿ ಒಮ್ಮೆ ಹೊಂದಿಸಿದ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಿ ಪ, ಬ, ಮ ಬರುವ ಮಾತುಗಳನ್ನು ಆರಿಸುತ್ತಿದ್ದರು. ಅವುಗಳಿಗೆ ತುಟಿ ಕೂಡಲೇಬೇಕು. ಹರಿದ ಎಳೆ ಹುಡುಕುವವರ ಹಾಗೆ ಮುಖವನ್ನು ಟಿವಿಗೆ ಅಷ್ಟು ಹತ್ತಿರ ಒಯ್ಯುತ್ತಿದ್ದರು.

ಒಂದು ಮದುವೆಯನ್ನು ಹೀಗೆ ಹೊಂದಿಸಲು ಎರಡು ಮೂರು ದಿನ ಹಿಡಿಯುತ್ತಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಮಾಮಾ, ಇಲ್ಲಿ ಒಂದ ಹಾಡ ಹಾಕಿ ಮುಗಸೂಣಲ್ರಿ," ಎನ್ನುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು.

"ಹಾಡು ಅಂಗಡ್ಯಾಗ ಸಿಗತಾವ್ರಿ ಮಾಲಕರ. ಇವರ ಮಾತ ಎಲ್ಲಿ ಸಿಗತದ?"

ನನಗೆ ಇಂಥ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಒಮ್ಮೆ ರೇಗಿ, "ಮದುವಿ ಮನ್ಯಾಗ ಮಂದಿ ಏನ ದೊಡ್ಡ ಮಾತ ಆಡ್ತಾರ್ರಿ? ಊಟ ಆತಾ, ನೀರ ಕುಡದ್ಯಾ, ಚಪ್ಪಲ್ ಎಲ್ಲಿ ಬಿಟ್ಟಿ. ಇಷ್ಟ!" ಎಂದೆ. ಅವರು ನನ್ನ ತುಟಿಯನ್ನು ಕೊನೆಯ ತನಕ ಓದಿ, "ಮತ್ತ ಮನಿ ಮಂದಿ ಬ್ಯಾರೆ ಏನ ಆಡಬೇಕ್ರಿ?" ಎಂದರು. ಆ ದಿನವೂ ಹಾಡು ಹಾಕಲಿಲ್ಲ.

ಕ್ಯಾಮೆರಾದ ಮೈಕಿಗೆ ಸಿಗದ ಮಾತುಗಳೂ ಅವರಿಗೆ ಕಾಣುತ್ತಿದ್ದವು. ದೂರದ ಸಾಲಿನಲ್ಲಿ ಕೂತ ಇಬ್ಬರು ಹೆಂಗಸರು ಪಿಸುಗುಟ್ಟಿದರೆ ಮಾಮಾ ಒಬ್ಬರೇ ಕೂತು ನಗುತ್ತಿದ್ದರು. ಏನಂದರು ಎಂದು ಎಷ್ಟು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಈ ಸುದ್ದಿ ಹೇಗೋ ಹೊರಗೆ ಹೋಗಿ, ಒಬ್ಬ ಗಿರಾಕಿ ತನ್ನ ಅಣ್ಣನ ಹೆಂಡತಿ ಮಂಟಪದಲ್ಲಿ ತನ್ನ ಬಗ್ಗೆ ಏನೋ ಅಂದಿದ್ದಾಳೆ, ನೋಡಿ ಹೇಳಿ ಎಂದು ಬಂದು ಕೂತ. ಮಾಮಾ ಗುಂಡಿ ಒತ್ತಿ ಟಿವಿ ಆರಿಸಿಬಿಟ್ಟರು. "ಅದು ಯಾರ ಕಿವಿಗೂ ಹಾಕಿದ ಮಾತಲ್ರಿ. ನಾ ಯಾಕ ಹಾಕಲಿ?" ಎಂದರು. ಗಿರಾಕಿ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಮನೆಯಲ್ಲಿ ಅವರ ಹೆಂಡತಿಯೂ ಅವರೊಡನೆ ತುಟಿಯಲ್ಲೇ ಮಾತಾಡುತ್ತಿದ್ದರಂತೆ. ಧ್ವನಿ ಖರ್ಚು ಮಾಡಿ ಉಪಯೋಗವಿಲ್ಲವಲ್ಲ. ಅತ್ತೆ ಬದುಕಿರುವಾಗ ಅದರಿಂದ ಆಕೆಗೆ ಅನುಕೂಲವೇ ಆಗಿತ್ತು ಎಂದು ಮಾಮಾ ಕಣ್ಣು ಮಿಟುಕಿಸಿದ್ದರು. "ನಮ್ಮವ್ವನ ಮುಂದ ಕುಂತ ನಮ್ಮವ್ವನ್ನ ಬೈತಿದ್ಲ್ರಿ. ಅವ್ವಗ ಸುಳಿವ ಇಲ್ಲ!" ಎಂದು ಹೇಳುವಾಗ ಅವರ ಮುಖ ಅರಳಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಧ್ವನಿ ಕೇಳಿದ ನೆನಪು ಸ್ವಲ್ಪ ಇದೆ, ಆಮೇಲೆ ಇಲ್ಲ ಎನ್ನುತ್ತಿದ್ದರು.

ಒಬ್ಬಳೇ ಮಗಳು. ಅವಳ ಮದುವೆ ಅಕ್ಕಲಕೋಟೆಯಲ್ಲಿ ನಡೆಯಿತು, ಗಂಡಿನವರು ಮೈಂದರ್ಗಿಯವರು. ವಿಡಿಯೋ ನನ್ನ ಆಹೇರು, ಮದುವೆಯ ಉಡುಗೊರೆ, ಎಂದು ಮೊದಲೇ ಹೇಳಿಬಿಟ್ಟಿದ್ದೆ. ನಾನೇ ಕ್ಯಾಮೆರಾ ಹಿಡಿದೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ನಿಂತೆ. ಮಗಳನ್ನು ಕಳಿಸುವ ಹೊತ್ತಿಗೆ ತಾಯಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು ಮಗಳ ಸೆರಗಿಗೆ ಹಾಕುತ್ತ, ತಲೆ ತಗ್ಗಿಸದೆ, ಅವಳ ಮುಖ ನೋಡುತ್ತ ಬಹಳ ಹೊತ್ತು ಏನೇನೋ ಹೇಳಿದರು. ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಾಯಿಯ ಸೀರೆಯ ಜರಿ ಬೆಳಕಿಗೆ ಹೊಳೆದು ಚಿತ್ರ ಕೆಡುತ್ತದೆಂಬ ಚಿಂತೆ ನನಗೆ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಚಿತ್ರ ಚೆನ್ನಾಗಿ ಬಂತು.

ಎರಡು ತಿಂಗಳು ಆಗಿರಲಿಲ್ಲ, ಆ ತಾಯಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡರು.

ಮಾಮಾ ಹದಿನಾಲ್ಕನೆಯ ದಿನಕ್ಕೆ ಕೆಲಸಕ್ಕೆ ಬಂದರು. ಮಗಳ ಮದುವೆಯ ಕ್ಯಾಸೆಟ್ಟು ಕಪಾಟಿನಲ್ಲಿ ಹಾಗೇ ಇತ್ತು. ಅದನ್ನು ಡಿಸ್ಕಿಗೆ ಹಾಕೋಣವೇ ಎಂದು ನಾನು ಒಂದೆರಡು ಸಲ ಕೇಳಿದೆ. "ಆಮ್ಯಾಲ ಮಾಡೂಣ್ರಿ. ನಾನ ಕುಂತ ಮಾಡತೀನಿ. ಮನಸ ಒಂದಷ್ಟ ಗಟ್ಟಿ ಆಗಲಿ," ಎನ್ನುತ್ತಿದ್ದರು. ವರ್ಷ ತುಂಬುತ್ತ ಬಂದರೂ ಅವರ ಮನಸ್ಸು ಗಟ್ಟಿಯಾಗಿರಲಿಲ್ಲ. ಅಷ್ಟರೊಳಗೆ ನನ್ನ ತಲೆಯಲ್ಲಿ ಒಂದು ಒಳ್ಳೆಯ ವಿಚಾರ ಹುಟ್ಟಿತು. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ಅನಾಹುತಗಳೆಲ್ಲ ಒಳ್ಳೆಯ ವಿಚಾರಗಳಾಗಿಯೇ ಹುಟ್ಟಿವೆ.

ಹೆಂಡತಿಯ ವರ್ಷಾಂತಿಕಕ್ಕೆ ಮಾಮಾ ಎಂಟು ದಿನ ರಜೆ ಹಾಕಿ ಊರಲ್ಲಿ ಉಳಿದರು. ಆ ದಿನ ನಾನೇ ಡಿಸ್ಕು ಮಾಡಿಕೊಂಡು ಹೋಗಿ ಅವರ ಕೈಗೆ ಕೊಡಬೇಕು, ಅವರು ಬೆರಗಾಗಬೇಕು, ಇದು ನನ್ನ ಯೋಜನೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸಿದೆ. ಎಂದಿನಂತೆ ಧ್ವನಿ ಹಿಂದೆ ಬಿತ್ತು. ಅಕ್ಷತೆಯ ತನಕ ಹೇಗೋ ಹೊಂದಿಸಿದೆ. ಉಡಿ ತುಂಬುವ ಹೊತ್ತಿಗೆ ಅದು ತೀರ ಹಿಂದೆ ಉಳಿದಿತ್ತು, ತಾಯಿಯ ತುಟಿ ನಿಂತ ಮೇಲೆ ಮಾತು ಬರುತ್ತಿತ್ತು. ಅರ್ಧ ಗಂಟೆ ಒದ್ದಾಡಿದೆ. ಹಿಂದೆ ಹೋದೆ, ಮುಂದೆ ಹೋದೆ, ಕತ್ತರಿಸಿದೆ, ಕೂಡಿಸಿದೆ, ಅದೇ ಮಾತುಗಳನ್ನು ಹತ್ತಾರು ಸಲ ಓಡಿಸಿದೆ. ಮಾಮಾ ಇದ್ದಿದ್ದರೆ ಆಗುತ್ತಿತ್ತು, ಆದರೆ ಮಾಮಾನಿಗೆ ಗೊತ್ತಾಗದಂತೆ ಮಾಡುವುದೇ ನನ್ನ ಹಟ. ಕೊನೆಗೆ ಬೇಸತ್ತು ಧ್ವನಿ ಅಳಿಸಿ, ಮಗಳನ್ನು ಕಳಿಸುವ ಒಂದು ಹಾಡು ಹಾಕಿದೆ.

ಹಾಡು ಹಾಕಿದ ಮೇಲೆ ಚಿತ್ರ ಬರಿದಾಗಿ ಕಂಡಿತು. ಆ ಕಾಲದಲ್ಲಿ ನಮ್ಮಲ್ಲೆಲ್ಲ ಹೃದಯದ ಆಕಾರ, ತೇಲುವ ಗುಲಾಬಿ ಇವುಗಳ ಹುಚ್ಚಿತ್ತು. ತಾಯಿಯ ಮುಖದ ಮೇಲೆ ಕೆಳಗಿನಿಂದ ಗುಲಾಬಿಗಳು ಏರಿಬರುವಂತೆ ಮಾಡಿದೆ. ನೋಡಿದೆ, ನನ್ನ ಕಣ್ಣೇ ಒದ್ದೆಯಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಸೊಲ್ಲಾಪುರದ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಉದ್ಘಾಟನೆ ಇತ್ತು. ಹೊಸ ಕ್ಯಾಸೆಟ್ಟು ಮುಗಿದಿದ್ದವು. ಡಿಸ್ಕು ಆಗಿದೆಯಲ್ಲ ಎಂದುಕೊಂಡು ಮಗಳ ಮದುವೆಯ ಕ್ಯಾಸೆಟ್ಟನ್ನೇ ಕ್ಯಾಮೆರಾದಲ್ಲಿ ಹಾಕಿಕೊಂಡು ಹೋದೆ. ಹಳೆಯದನ್ನು ಅಳಿಸುತ್ತ ಅದರ ಮೇಲೇ ಹೊಸದನ್ನು ತುಂಬುವುದು, ಈ ಧಂದೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ನನಗೆ ಒಂದು ಕ್ಷಣವೂ ಅಳುಕಾಗಲಿಲ್ಲ.

ವರ್ಷಾಂತಿಕದ ದಿನ ಊಟವೆಲ್ಲ ಮುಗಿದ ಮೇಲೆ ಅವರ ಮನೆಯ ನಡುಮನೆಯಲ್ಲಿ ಡಿಸ್ಕು ಹಾಕಿದೆ. ಪ್ಲೇಯರನ್ನೂ ನಾನೇ ಒಯ್ದಿದ್ದೆ. ನೆಂಟರೆಲ್ಲ ಚಾಪೆಯ ಮೇಲೆ ಕೂತಿದ್ದರು. ಮಗಳು ಮೈಂದರ್ಗಿಯಿಂದ ಬಂದಿದ್ದಳು, ಮಡಿಲಲ್ಲಿ ಎಳೆಗೂಸು. ಉಡಿ ತುಂಬುವ ಜಾಗ ಬಂತು, ಹಾಡು ಶುರುವಾಯಿತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಎಲ್ಲರ ಮುಖ ನೋಡಿ ಹಿಗ್ಗುತ್ತಿದ್ದೆ.

ಮಾಮಾ ಎದ್ದು ಟಿವಿಯ ಬಳಿ ಹೋದರು. ಎಡಗೈಯನ್ನು ಸ್ಪೀಕರಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಇಟ್ಟು ತೆಗೆದರು. ನನ್ನ ಕಡೆ ತಿರುಗಿ, "ಇದು ಹಾಡ ಏನ್ರಿ?" ಎಂದು ಕೇಳಿದರು.

"ಹೌದ್ರಿ ಮಾಮಾ," ಎಂದೆ.

ಅವರು ಡಿಸ್ಕನ್ನು ಹಿಂದಕ್ಕೆ ಒಯ್ಯುವಂತೆ ಕೈಸನ್ನೆ ಮಾಡಿದರು, ಧ್ವನಿ ಪೂರ್ತಿ ಇಳಿಸಿದರು. ಟಿವಿಯ ಮುಂದೆ ಕೂತು ಮಗಳನ್ನು ಪಕ್ಕಕ್ಕೆ ಕರೆದರು. ಹೆಂಡತಿಯ ತುಟಿ ಆಡುತ್ತಿದ್ದಂತೆ ಒಂದೊಂದೇ ಮಾತನ್ನು ತಮ್ಮ ಒಡಕು ದನಿಯಲ್ಲಿ ಹೇಳತೊಡಗಿದರು.

"ಎಡಗಿವಿ ಬೆಂಡೋಲಿ ತಿರುಪ ಸಡಲ ಆಗ್ಯದ, ನೋಡಕೋ... ಎಲ್ಲಾರದೂ ಆದಮ್ಯಾಲ ಕಡೀಕ ಉಣ್ಣಾಕ ಕೂಡಬ್ಯಾಡ, ಹಸದ ಇರಬ್ಯಾಡ... ಹೊಟ್ಟಿ ನೋಯಿಸಿದ್ರ ಮುಚ್ಚಿಡಬ್ಯಾಡ, ಅತ್ತಿಗಿ ಹೇಳು, ಆಕಿನೂ ಹೆಣ್ಣಮಗಳ ಅದಾಳ... ಅಳೂದ ಸಾಕ ಮಾಡು, ಕಾಡಿಗಿ ಎಲ್ಲಾ ಹರದದ... ನಿಮ್ಮಪ್ಪಗ..."

ಅಲ್ಲಿ ನಿಂತರು. ಮತ್ತೆ ಹಿಂದಕ್ಕೆ ಒಯ್ಯಲು ಸನ್ನೆ ಮಾಡಿದರು. ಮತ್ತೆ 'ನಿಮ್ಮಪ್ಪಗ' ಎಂಬಲ್ಲಿ ನಿಂತರು. ಮೂರನೆಯ ಸಲ ಮುಖವನ್ನು ಟಿವಿಗೆ ತಾಗಿಸಿದಂತೆ ಹತ್ತಿರ ಒಯ್ದು, ಕತ್ತನ್ನು ಆಚೆ ಈಚೆ ಸರಿಸಿ ನೋಡಿದರು, ಆ ಗುಲಾಬಿಗಳ ಹಿಂದೆ ಇಣುಕಬಹುದು ಎಂಬಂತೆ.

"ಮುಂದ ಹೂವು ಬಂದಾವ್ರಿ ಮಾಲಕರ," ಎಂದರು.

ಕಾರ್ಖಾನೆಯ ಉದ್ಘಾಟನೆಗೆ ಒಯ್ದ ಕ್ಯಾಸೆಟ್ಟು ನನಗೆ ಆಗ ನೆನಪಾಯಿತು. ನೆಂಟರಿಗೆ ಏನೂ ತಿಳಿಯಲಿಲ್ಲ. ಮಗಳು ಮಾತ್ರ ನನ್ನತ್ತ ನೋಡಿ, "ಅಣ್ಣಾ, ಅಸಲ್ ಕ್ಯಾಸೆಟ್ ಅದ ಅಲ್ರಿ?" ಎಂದು ಕೇಳಿದಳು. ನಿಜ ಹೇಳಲು ಅದೇ ಸಮಯವಾಗಿತ್ತು. ನಾನು ಹೇಳಲಿಲ್ಲ. "ಅದ ತಂಗಿ, ಅಂಗಡ್ಯಾಗ ಅದ," ಎಂದೆ. ಕ್ಯಾಸೆಟ್ಟು ಇದ್ದದ್ದು ನಿಜವಲ್ಲವೇ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ಮಾಮಾ ಬಂದುಬಿಟ್ಟರು, ರಜೆ ಇನ್ನೂ ಉಳಿದಿತ್ತು. ನಾನು ಬಾಗಿಲು ತೆಗೆದು, ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದೆ. ಧ್ವನಿ ಹೊರಡುವ ಮೊದಲೇ ಅವರು ನನ್ನ ತುಟಿ ನೋಡಿ ಕೈ ಎತ್ತಿದರು. "ತಿಳೀತ್ರಿ. ಮದಲ ಟೇಪ ಹಾಕ್ರಿ," ಎಂದರು.

ಹಾಕಿದೆ. ರಿಬ್ಬನ್ ಕತ್ತರಿಸಿದರು. ಯಾರೋ ಭಾಷಣ ಮಾಡಿದರು. ಹಾರ ಹಾಕಿದರು, ಮತ್ತೊಬ್ಬರು ಭಾಷಣ ಮಾಡಿದರು. ಮಾಮಾ ವೇಗವಾಗಿ ಓಡಿಸಲು ಬಿಡಲಿಲ್ಲ. ಉದ್ಘಾಟನೆ ಮುಗಿದಲ್ಲಿ ಹಳೆಯ ಮದುವೆ ಎಲ್ಲಿಂದ ಉಳಿದಿರುತ್ತದೋ ಎಂದು ಕಾಯುತ್ತ ಎರಡು ಗಂಟೆ ಕೂತರು. ನಾನು ಅವರ ಹಿಂದೆ ನಿಂತು ಭಾಷಣಕಾರರಲ್ಲಿ ಒಬ್ಬನಾದರೂ ಸ್ವಲ್ಪ ಚುಟುಕಾಗಿ ಮಾತಾಡಿರಬಾರದಿತ್ತೇ ಎಂದು ಹಲ್ಲು ಕಡಿಯುತ್ತಿದ್ದೆ. ಕೊನೆಗೆ ಪರದೆ ಒಮ್ಮೆ ಅದುರಿ ಅಕ್ಕಲಕೋಟೆಯ ಮಂಟಪ ಬಂತು. ಮದುಮಗಳ ಗಾಡಿ ಆಗಲೇ ಹೋಗಿತ್ತು. ಹುಡುಗರು ಕುರ್ಚಿ ಮಡಚುತ್ತಿದ್ದರು, ಒಬ್ಬ ಜಮಖಾನೆ ಝಾಡಿಸುತ್ತಿದ್ದ. ಹತ್ತು ನಿಮಿಷ ಅಷ್ಟೇ ಇತ್ತು. ಆ ಹತ್ತು ನಿಮಿಷದಲ್ಲಿ ಆಕೆ ಒಮ್ಮೆಯೂ ಬರಲಿಲ್ಲ. ಮಾಮಾ ಕೈಯನ್ನು ಸ್ಪೀಕರಿನ ಮೇಲಿಟ್ಟುಕೊಂಡು ಟೇಪು ತಾನಾಗಿ ನಿಲ್ಲುವ ತನಕ ನೋಡಿದರು.

ಆಮೇಲೆ ಎದ್ದು, "ಚಹಾ ಕುಡದ ಬರೂಣ ನಡೀರಿ," ಎಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವರು ಕೆಲಸ ಬಿಡಲಿಲ್ಲ. ಆಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ಅದೇ ಬಸ್ಸಿಗೆ ಬಂದರು, ಅದೇ ಮೆಟ್ಟಿಲ ಮೇಲೆ ಕೂತರು. ಒಂದೇ ಒಂದು ಬದಲಾವಣೆ ಮಾಡಿದರು. ಅಂಗಡಿಗೆ ಬರುವ ಪ್ರತಿ ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸಿ, 'ಮಾತು ಅದ. ಅಳಸಬ್ಯಾಡ್ರಿ' ಎಂದು ಕನ್ನಡದಲ್ಲಿ ಬರೆಯತೊಡಗಿದರು. ಆಗ ನನ್ನ ಬಳಿ ಕ್ಯಾಮೆರಾ ಹಿಡಿಯುತ್ತಿದ್ದ ಹುಡುಗರೆಲ್ಲ ಮರಾಠಿ ಸಾಲೆಯಲ್ಲಿ ಕಲಿತವರು, ಅವರಿಗೆ ಅದು ಓದಲು ಬರುತ್ತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ಬಾಯಿಯ ಚಿತ್ರವನ್ನೂ ಬರೆಯುತ್ತಿದ್ದರು. ಆ ಬಾಯಿ ಎಂದೂ ಬಾಯಿಯಂತೆ ಕಾಣಲಿಲ್ಲ, ಬಾಳೆಹಣ್ಣಿನಂತೆ ಕಾಣುತ್ತಿತ್ತು. ಹುಡುಗರು ನಕ್ಕರೆ ಅವರೂ ನಗುತ್ತಿದ್ದರು. ನಾನು ಮತ್ತೆಂದೂ ಯಾರ ಮಾತಿನ ಮೇಲೂ ಹಾಡು ಹಾಕಲಿಲ್ಲ. ಅದನ್ನು ಅವರು ಗಮನಿಸಿದ್ದರೆಂದು ಗೊತ್ತು, ಆದರೆ ಆ ಬಗ್ಗೆ ನಾವು ಒಂದು ದಿನವೂ ಮಾತಾಡಲಿಲ್ಲ. ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಅವರು ತಿಳಿದುಕೊಂಡಿದ್ದಾರೆ ಎಂಬ ನೆಪದಲ್ಲಿ ನಾನು ಹೇಳದೆ ಉಳಿದೆ. ತುಟಿ ಓದುವವರಿಗೂ ತುಟಿ ಅಲ್ಲಾಡಿದರೆ ತಾನೇ ಓದಲು ಬರುವುದು?

ಒಂದು ಚಳಿಗಾಲ ಅವರು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಸುದ್ದಿ ಬಂತು. ನಾನು ಅಕ್ಕಲಕೋಟೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳು ಕಳೆದ ಮೇಲೆ ಮತ್ತೆ ಹೋದೆ. ಮಗಳು ತವರುಮನೆಯ ಸಾಮಾನು ತೆಗೆದಿಡುತ್ತಿದ್ದಳು. ನನಗೆ ಕೂಡಲು ಹಾಸಿ, ನೀರು ಕೊಟ್ಟು, ತಾನೂ ಗೋಡೆಗೆ ಒರಗಿ ಕೂತಳು. ಆ ಡಿಸ್ಕಿನ ಮಾತು ಅವಳೇ ತೆಗೆದಳು. ಕ್ಯಾಸೆಟ್ಟು ಅಳಿದದ್ದನ್ನು ಮಾಮಾ ಅವಳಿಗೆ ಹೇಳಿದ್ದರು.

"ಅಪ್ಪ ನಮ್ಮ ಊರಿಗಿ ಬಂದಾಗೊಮ್ಮೆ ಅದನ್ನ ಹಾಕಸ್ತಿದ್ನ್ರಿ ಅಣ್ಣಾ. ಟಿವಿ ಧ್ವನಿ ಬಂದ್ ಮಾಡಿ ಅವ್ವ ಅಂದದ್ದೆಲ್ಲಾ ತಾನ ಅಂತಿದ್ದ. ನನಗ ಬಾಯಿಪಾಠ ಆಗ್ಯಾವ. ಆದ್ರ ಏನಾಗ್ಯದ ಗೊತ್ತೇನ್ರಿ, ಆ ಮಾತ ನೆನಸಿದ್ರ ಅಪ್ಪನ ದನಿ ಕೇಳಸ್ತದ. ಅವ್ವಂದು ಬರವಲ್ದು. ಮಾರಿ ಬರತದ, ಕೈ ಬರತಾವ, ದನಿ ಹೋಗಿಬಿಟ್ಟದ."

ನಾನು ನೀರಿನ ತಂಬಿಗೆ ಹಿಡಿದುಕೊಂಡು ಕೂತಿದ್ದೆ.

"ಅವತ್ತ ನಾ ಅಳಾಕತ್ತಿದ್ದೆ, ನನಗ ಒಂದ ಮಾತೂ ಕಿವಿಗಿ ಬೀಳಲಿಲ್ಲ. ಅಪ್ಪಗ ಕೇಳಸ್ತಿದ್ದಿಲ್ಲ. ನೀವ ಕಿವಿಗಿ ಹೆಡ್‌ಫೋನ್ ಹಾಕ್ಕೊಂಡ ಬಾಜೂಕ ನಿಂತಿದ್ರಿ. ಆ ಮಾತ ಅವ್ವನ ದನ್ಯಾಗ ಕೇಳಿದವ್ರು ನೀವ ಒಬ್ಬರ," ಎಂದಳು. ಸಿಟ್ಟಿನಿಂದ ಅಲ್ಲ. ಸಿಕ್ಕರೆ ಸಿಗಲಿ ಎಂಬ ಆಸೆಯಿಂದ ಕೇಳಿದಳು. "ನಿಮ್ಮಪ್ಪಗ ಅಂದಮ್ಯಾಲ ಅವ್ವ ಏನಂದ್ಳ್ರಿ ಅಣ್ಣಾ? ಹ್ಯಾಂಗ ಅಂದ್ಳು?"

ನಾನು ಕಣ್ಣು ಮುಚ್ಚಿ ಹುಡುಕಿದೆ. ಜರಿಯ ಹೊಳಪು ಸಿಕ್ಕಿತು. ಕೊಬ್ಬರಿ ಬಟ್ಟಲು ಸಿಕ್ಕಿತು. ಎರಡು ಹೆಜ್ಜೆ ಸರಿದದ್ದು ನೆನಪಾಯಿತು.

"ನೆನಪಿಲ್ಲ ತಂಗಿ," ಎಂದೆ.

ಆಕೆಯ ಮಾತು ನನ್ನ ಕಿವಿಗೆ ಮಂಟಪದಲ್ಲಿ ಒಮ್ಮೆ ಬಿದ್ದಿತ್ತು, ಅಂಗಡಿಯಲ್ಲಿ ಹತ್ತಾರು ಸಲ ಬಿದ್ದಿತ್ತು. ಅಷ್ಟು ಸಲವೂ ನಾನು ಕೇಳಿದ್ದು ಒಂದೇ, ಧ್ವನಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂಬುದು.